ನಮ್ಮ ಗುಡ್ಡದ ಕಥೆಯನ್ನು ಮೊದಲು ನಮಗೇ ತೋರಿಸಲು ಬಿಡಿ

ಮಾನ್ಯ ಸಂಪಾದಕರೇ,

ಸಿನಿಮಾದವರಿಗೆ ಕೊಡಗು ಅಂದರೆ ಮಂಜು, ಮಳೆ, ಒಂದು ಹಾಡು. 2008ರಲ್ಲಿ ‘ಗಾಳಿಪಟ’ ಬಂದ ಮೇಲೆ, ಅದರ ಶೂಟಿಂಗ್ ನಡೆದ ಮಾಂದಲಪಟ್ಟಿ ಬೆಟ್ಟ ಹತ್ತಲು ಶುರು ಮಾಡಿದ ಜೀಪುಗಳು ಇವತ್ತಿಗೂ ಹತ್ತುತ್ತಿವೆ. ಅದರಿಂದ ಎಷ್ಟೋ ಹುಡುಗರ ಸಂಸಾರ ನಡೆದಿದೆ, ನನಗೇನೂ ಬೇಸರವಿಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದೂ ಆ ಕಡೆಯ ಊರುಗಳಲ್ಲೇ ಅಲ್ವಾ? ಕಾಲೂರು, ದೇವಸ್ತೂರು, ಹಮ್ಮಿಯಾಲ, ಮುಕ್ಕೋಡ್ಲು, ಮಕ್ಕಂದೂರು. ಇತ್ತ ಮದೆನಾಡು, ಜೋಡುಪಾಲ, ಮೊಣ್ಣಂಗೇರಿ. ಕೆಲವು ದಿನ ಟಿವಿಯಲ್ಲಿ ಈ ಹೆಸರುಗಳೇ ಓಡಿದವು. ಆಮೇಲೆ ಹೊರಗಿನವರು ಮರೆತರು.

ನಾನು ಈ ಭಾಗದ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಆ ಮಳೆಗಾಲದ ಕಥೆಯನ್ನು ಸಿನಿಮಾ ಮಾಡಿದ್ದಾನೆ. ಮಾತು ಇಲ್ಲಿನ ಗೌಡರ ಮನೆಮಾತಾದ ಅರೆಭಾಷೆಯಲ್ಲಿ, ಅಲ್ಲಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆ. ನಿರ್ಮಾಪಕರು ಅಂತ ಯಾರೂ ಇಲ್ಲ. ಸೆನ್ಸಾರ್ ಸರ್ಟಿಫಿಕೇಟ್ ಕೈಯಲ್ಲಿದೆ. ತೋರಿಸಲು ಜಾಗವಿಲ್ಲ. ಅದಕ್ಕೇ ಈ ಪತ್ರ.

ಅವನು ಈ ಕೆಲಸ ಮಾಡಿದ ರೀತಿಯನ್ನು ಓದುಗರಿಗೆ ಹೇಳಲೇಬೇಕು. ಮೊದಮೊದಲು ನಮ್ಮ ಮನೆಗಳಿಗೆ ಬಂದಾಗ ಕ್ಯಾಮೆರಾ ತಂದಿರಲಿಲ್ಲ. ಸುಮ್ನೆ ಬರುತ್ತಿದ್ದ. ಕಣದಲ್ಲಿ ಕಾಫಿ ಒಣ ಹಾಕಿದ್ದರೆ ಕೈ ಜೋಡಿಸುತ್ತಿದ್ದ. ಮೋಡ ಕವಿದರೆ ಟಾರ್ಪಾಲು ಎಳೆಯುತ್ತಿದ್ದ. ಯಾರಾದರೂ ಮಾತು ತೆಗೆದರೆ ಕೇಳುತ್ತಿದ್ದ, ತೆಗೆಯದಿದ್ದರೆ ಕಾಫಿ ಕುಡಿದು ಹೊರಡುತ್ತಿದ್ದ. ನಮ್ಮ ಜನ ದುಃಖವನ್ನು ಬೇಗ ಹೇಳಿಕೊಳ್ಳುವವರಲ್ಲ. ಮೈಕು ಮುಖಕ್ಕೆ ಹಿಡಿದು ‘ಈಗ ಹೇಗನ್ನಿಸುತ್ತಿದೆ’ ಅಂತ ಕೇಳಿದವರನ್ನು ಅವರು ಮರೆತಿಲ್ಲ. ಇವನಿಗೆ ಮಾತ್ರ ಹೇಳಿದರು. ತೋಡಿನ ನೀರು ಕೆಂಪಾದದ್ದು, ಮನೆ ಹಿಂದಿನ ಬರೆಯಲ್ಲಿ (ಮಣ್ಣಿನ ದಿಬ್ಬದಲ್ಲಿ) ಬಿರುಕು ಬಿಟ್ಟದ್ದು, ಆಟಿ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ಪಾಯಸ ಮಾಡಿದ ಒಲೆ ಎರಡು ವಾರ ಕಳೆಯುವಷ್ಟರಲ್ಲಿ ಮಣ್ಣಡಿ ಹೋದದ್ದು.

ಆ ವರ್ಷ ಮಡಿಕೇರಿಯಲ್ಲಿ ಮನೆಯೊಂದು ಬುಡಸಮೇತ ಜಾರಿದ ವಿಡಿಯೋವನ್ನು ಇಡೀ ದೇಶ ನೋಡಿತು. ನಮ್ಮ ಹುಡುಗನ ಸಿನಿಮಾದಲ್ಲಿ ಮನೆ ಬೀಳುವುದೇ ಇಲ್ಲ. ಬೀಳುವ ಮೊದಲಿನ ರಾತ್ರಿ ಇದೆ, ಪರಿಹಾರ ಕೇಂದ್ರದ ಜಮಖಾನೆ ಇದೆ, ರೇಷನ್ ಕಾರ್ಡು ಹೋದವರು ನಾವು ಇಂಥವರೇ ಅಂತ ಸಾಬೀತು ಮಾಡಲು ಕಚೇರಿ ಕಚೇರಿ ಅಲೆಯುವುದಿದೆ. ಮಳೆಯ ಸೀನಿಗೆ ಟ್ಯಾಂಕರ್ ತಂದು ಹಂಚಿನ ಮೇಲೆ ನೀರು ಬಿಟ್ಟ ದಿನ ನಾನೂ ಅಲ್ಲಿದ್ದೆ. ನೀರು ಬಿದ್ದ ಸದ್ದಿಗೆ ಪಕ್ಕದ ಮನೆಯ ಅಜ್ಜಿ ಒಳಗಿಂದ ಬಂದರು. ಒಂದು ಮಾತೂ ಆಡಲಿಲ್ಲ. ಚಪ್ಪಲಿ ಮೆಟ್ಟಿ, ಕಾಗದಪತ್ರದ ಚೀಲ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಗೆ ನಡೆದೇಬಿಟ್ಟರು. ಅವನು ತಕ್ಷಣ ನೀರು ನಿಲ್ಲಿಸಿದ. ಟ್ಯಾಂಕರ್ ಬಾಡಿಗೆ ದಂಡವಾಯಿತು, ಆ ಸೀನು ಮತ್ತೆ ತೆಗೆಯಲಿಲ್ಲ. ಈಗ ಸಿನಿಮಾದಲ್ಲಿ ಆ ಜಾಗದಲ್ಲಿ ಚಪ್ಪಲಿ ಮೆಟ್ಟಿ ಹೊರಟ ಒಬ್ಬ ಅಜ್ಜಿ ಇದ್ದಾರೆ. ಪಾತ್ರ ಮಾಡಿದವರು ಬೇರೆ. ಅಜ್ಜಿಯ ಒಪ್ಪಿಗೆ ಕೇಳಿಯೇ ಬರೆದದ್ದು.

ತೀರಿಹೋದವರ ಮನೆಗಳಿಗೆ ಲ್ಯಾಪ್‌ಟಾಪ್ ಹಿಡಿದು ಹೋಗಿ, ಪೂರ್ತಿ ಆಗುವ ಮೊದಲೇ ತೋರಿಸಿದ. ಒಬ್ಬ ತಾಯಿ ‘ಮಗನ ಹೆಸರು ಬೇಡ ಮಗ’ ಅಂದರು. ಎಲ್ಲರ ಹೆಸರನ್ನೂ ಬದಲಿಸಿದ, ಊರಿನ ಹೆಸರುಗಳನ್ನು ಮಾತ್ರ ಹಾಗೇ ಇಟ್ಟ. ನಿಜ ಘಟನೆಯ ಸಿನಿಮಾ ಅಂತ ಪೋಸ್ಟರಿನಲ್ಲಿ ಹಾಕಿಕೊಳ್ಳುವವರು ಎಷ್ಟು ಜನ ಹೀಗೆ ಮಾಡುತ್ತಾರೆ?

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ಮದುವೆ ಸೀಸನ್‌ನಲ್ಲಿ ಮದುವೆ ವಿಡಿಯೋ ಮಾಡಿ ದುಡಿದದ್ದನ್ನು ಉಳಿದ ತಿಂಗಳುಗಳಲ್ಲಿ ಶೂಟಿಂಗಿಗೆ ಹಾಕಿದ. ಊಟ ನಮ್ಮ ಮನೆಗಳದ್ದೇ, ಅಕ್ಕಿ ರೊಟ್ಟಿ ಮತ್ತು ಏನಿದ್ದರೆ ಅದು. ಕಾಗದಪತ್ರದ ಕೆಲಸವೇ ಅವನನ್ನು ಜಾಸ್ತಿ ಸುಸ್ತು ಮಾಡಿದ್ದು. ಕಥೆಯಲ್ಲಿ ಒಂದು ನಾಯಿ, ಎರಡು ದನ ಬರುತ್ತವೆ. ಹಟ್ಟಿಯಲ್ಲಿ ಕಟ್ಟಿದ ಹಗ್ಗ ಬಿಚ್ಚಲು ವಾಪಸ್ ಓಡಿದ ಮನುಷ್ಯನ ಕಥೆ ಅದು, ಅವನ್ನು ಬಿಟ್ಟು ಮಾಡುವ ಹಾಗಿಲ್ಲ. ಪ್ರಾಣಿ ತೆರೆಯ ಮೇಲೆ ಬಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಮಂಡಳಿ ಇರುವುದು ಹರಿಯಾಣದಲ್ಲಿ. ಪ್ರಾಣಿಗಳಿಗೆ ಹಿಂಸೆ ಆಗಬಾರದು, ಕಾನೂನು ಸರಿಯೇ ಇದೆ. ಆದರೆ ದೊಡ್ಡ ಕಂಪನಿಗಳಲ್ಲಿ ಇಂಥದ್ದಕ್ಕೆಂದೇ ಜನ ಇರುತ್ತಾರೆ. ಇವನೊಬ್ಬನೇ ಅರ್ಜಿ ಬರೆದು, ಪಶುವೈದ್ಯರ ಸರ್ಟಿಫಿಕೇಟ್ ತಂದು, ಬೆಳಗಿನ ಜಾವ ಶೂಟಿಂಗಿಗೆ ಲೈಟು ಹೊರಬೇಕಿತ್ತು.

ಹಳೆಯ ಗಾಯ ಯಾಕೆ ಕೆದಕುತ್ತೀರಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಥೆ ನಾವು ಹೇಳದಿದ್ದರೆ ಏನಾಗುತ್ತದೆ ಅಂತ ನೋಡಿದ್ದೇವಲ್ಲ. ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಕೆಡವಿ ತಾವೂ ಪ್ರಾಣ ಕೊಟ್ಟರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 2025ರಲ್ಲಿ ಆ ಘಟನೆಯಿಂದ ಪ್ರೇರಣೆ ಪಡೆದ ಹಿಂದಿ ಸಿನಿಮಾ ಬಂದಾಗ ಪಾತ್ರಕ್ಕೆ ಬೇರೆಯೇ ಹೆಸರು. ಇನ್ನು 2018ರ ಅದೇ ಆಗಸ್ಟ್‌ನಲ್ಲಿ ಪಕ್ಕದ ಕೇರಳದಲ್ಲೂ ಪ್ರವಾಹ ಬಂತು. ಅವರು ಅದನ್ನು ಸಿನಿಮಾ ಮಾಡಿದರು. 2023ರಲ್ಲಿ ಬಿಡುಗಡೆಯಾಗಿ, ಆ ವರ್ಷ ಭಾರತದಿಂದ ಆಸ್ಕರ್‌ಗೆ ಹೋದ ಚಿತ್ರ ಅದೇ. ಕೊಡವ ಭಾಷೆಯಲ್ಲಿ 1972ರಲ್ಲೇ ಸಿನಿಮಾ ಮಾಡಿದವರು ನಾವು. ನಮಗೆ ಕಥೆಯಾಗಲಿ ಕಲಾವಿದರಾಗಲಿ ಕಡಿಮೆ ಇಲ್ಲ.

ಕಡಿಮೆ ಇರುವುದು ತೋರಿಸುವ ಜಾಗ. ನಾವು ಚಿಕ್ಕವರಿದ್ದಾಗ ಸಿನಿಮಾ ನೋಡಿದ ಟಾಕೀಸು ಈಗಿಲ್ಲ. ಮಾಲ್‌ಗಳಲ್ಲಿ ತೋರಿಸಬೇಕಾದರೆ ಮೈಸೂರಿಗೆ ಹೋಗಬೇಕು. ಸಿಕ್ಕರೂ ಬೆಳಗಿನ ಒಂದು ಷೋ. ಜಂಬೂರಿನ ಪುನರ್ವಸತಿ ಬಡಾವಣೆಯಲ್ಲಿರುವ ಕೂಲಿ ಹೆಂಗಸು ಸಂಬಳ ಬಿಟ್ಟು, ಬಸ್ಸು ಹಿಡಿದು, ತನ್ನದೇ ಕಥೆ ನೋಡಲು ಮೈಸೂರಿಗೆ ಹೋಗಬೇಕೇ? ಒಂದು ಸಭಾಭವನದಲ್ಲಿ ಕೇಳಿದರೆ ಮದುವೆಯ ಬಾಡಿಗೆಯನ್ನೇ ಹೇಳಿದರು. ಟಿಕೆಟ್ ಇಲ್ಲದೆ ತೋರಿಸುತ್ತೇನೆ ಅಂದರೂ ಇಳಿಸಲಿಲ್ಲ. ಥಿಯೇಟರ್ ಬಿಟ್ಟು ಬೇರೆ ಕಡೆ ತೋರಿಸಲು ಜಿಲ್ಲಾಡಳಿತದ ಅನುಮತಿ ಬೇರೆ ಬೇಕು.

ಸರ್ಕಾರದ ಸಹಾಯಧನಕ್ಕೂ ಅರ್ಜಿ ಹಾಕುತ್ತಾನೆ. ಆದರೆ 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದದ್ದೇ 2025ರ ಜನವರಿಯಲ್ಲಿ. ಸಹಾಯಧನವೂ ಇದೇ ವೇಗದಲ್ಲಿ ಬಂದರೆ ಸಾಲ ಮಾಡಿ ಸಿನಿಮಾ ಮಾಡಿದವನು ಅಷ್ಟು ವರ್ಷ ಬಡ್ಡಿ ಕಟ್ಟುವುದು ಎಲ್ಲಿಂದ?

ನಾನು ಕೇಳುವುದು ದೊಡ್ಡದೇನಲ್ಲ. ಮಳೆಗಾಲದಲ್ಲಿ ಮದುವೆಗಳು ಕಡಿಮೆ, ನಮ್ಮ ಸಮುದಾಯ ಭವನಗಳು ಬೀಗ ಹಾಕಿಕೊಂಡೇ ಇರುತ್ತವೆ. ಆಗ ಇಂಥ ಸಿನಿಮಾಗಳಿಗೆ ಕರೆಂಟಿನ ಖರ್ಚು ಮಾತ್ರ ತೆಗೆದುಕೊಂಡು ಅವನ್ನು ಕೊಡಲಿ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ಒಂದು ಒಳ್ಳೆ ಪ್ರೊಜೆಕ್ಟರ್, ಒಂದು ಪರದೆ, ಎರಡು ಸ್ಪೀಕರ್ ಕೊಂಡು ಸಿನಿಮಾ ಮಾಡುವ ನಮ್ಮ ಹುಡುಗರಿಗೆ ಎರವಲು ಕೊಡಲಿ. ಜಿಲ್ಲಾಧಿಕಾರಿಯವರು ಈ ಒಂದು ಪ್ರದರ್ಶನದ ಅನುಮತಿಯನ್ನು ಆದಷ್ಟು ಬೇಗ ಕೊಡಲಿ.

ಮೊದಲ ಪ್ರದರ್ಶನ ಜಂಬೂರಿನಲ್ಲೇ ಆಗಬೇಕು ಅಂತ ಹುಡುಗನ ಆಸೆ, ನಮ್ಮೆಲ್ಲರದೂ. ಕುರ್ಚಿ ಹೊರಲು ಯುವಕ ಸಂಘದವರು ಒಪ್ಪಿದ್ದಾರೆ. ಬಂದವರಿಗೆ ಕಾಫಿ ಮಾಡುವುದು ನಮ್ಮ ಮಹಿಳಾ ಸಂಘದ ಜವಾಬ್ದಾರಿ. ಮಳೆ ಬಂದರೂ ನಡೆಸುವ ಹಾಗೆ ಮೇಲೆ ಒಂದು ಮಾಡು ಬೇಕು, ಮತ್ತೆ ಅನುಮತಿ ಪತ್ರ.

ಇತಿ,
ನಿವೃತ್ತ ಶಾಲಾ ಶಿಕ್ಷಕಿ
ಮಡಿಕೇರಿ ತಾಲೂಕು, ಕೊಡಗು