ನಾಟಕದ ವೇಳೆ ಮೊಬೈಲ್ ಚಿತ್ರೀಕರಣ ಬೇಡವೆಂಬ ಸೂಚನೆ ಕುರಿತು

ಮಾನ್ಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳು ಬರುವ ಶನಿವಾರ ಸಂಜೆ ಆಡಲಿರುವ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕವನ್ನು ಮೊಬೈಲಿನಲ್ಲಿ ಚಿತ್ರೀಕರಿಸಬಾರದೆಂಬ ಸೂಚನೆಗೆ ಹಲವರು ಬೇಸರಪಟ್ಟಿದ್ದೀರಿ. ‘ನಮ್ಮ ಮಗುವಿನ ವಿಡಿಯೊ ತೆಗೆಯಲು ಶಾಲೆಯ ಅಪ್ಪಣೆ ಏಕೆ?’ ಎಂದು ಡೈರಿಯಲ್ಲಿ ಬರೆದು ಕಳಿಸಿದವರೂ ಇದ್ದೀರಿ. ಹಾಗೆ ಕೇಳುವುದು ಸಹಜ. ಮಗಳು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೂ ಸೂಚನೆಯನ್ನು ಸಡಿಲಿಸುತ್ತಿಲ್ಲ.

ಈ ನಾಟಕದ ಮಾತು ಸರಳರಗಳೆ ಎಂಬ ಛಂದಸ್ಸಿನಲ್ಲಿದೆ. ಐದೈದು ಮಾತ್ರೆಯ ನಾಲ್ಕು ಗಣ ಸೇರಿ ಒಂದು ಸಾಲು. ಅರ್ಥ ಮಾತ್ರ ಸಾಲಿನ ಕೊನೆಗೆ ನಿಲ್ಲದೆ ಮುಂದಕ್ಕೆ ಹರಿಯುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಮಕ್ಕಳು ಪ್ರತಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ಕಲಿತಿದ್ದಾರೆ. ಕತ್ತಲ ಸಭಾಂಗಣದಲ್ಲಿ ಒಂದು ಮೊಬೈಲ್ ಬೆಳಗಿದರೆ ಸಾಕು, ಕಣ್ಣು ಅತ್ತ ಹೊರಳುತ್ತದೆ, ಉಸಿರು ತಪ್ಪುತ್ತದೆ. ಹಳಗನ್ನಡದ ಛಾಯೆಯ ಮಾತಾದ್ದರಿಂದ ಬಾಯಿಗೆ ಬಂದದ್ದು ಹೇಳಿ ಸಂಭಾಳಿಸುವಂತೆಯೂ ಇಲ್ಲ.

ಇನ್ನು ವಿಡಿಯೊ ವಿಚಾರ. ನಾಟಕವನ್ನು ಶಾಲೆಯೇ ಚಿತ್ರೀಕರಿಸಿ ನಿಮಗೆ ಕೊಡುತ್ತದೆ. ಏಕಲವ್ಯ ಗುರುವಿನೆದುರು ನಿಲ್ಲುವ ದೃಶ್ಯದಲ್ಲಿ ಉಳಿದ ದೀಪಗಳನ್ನು ಇಳಿಸಿ ಒಂದೇ ಸ್ಪಾಟ್‌ಲೈಟ್ ಉಳಿಸುತ್ತೇವೆ. ಸುತ್ತಲಿನ ಕತ್ತಲನ್ನು ನೋಡಿ ಮೊಬೈಲ್ ತಾನಾಗಿ ಬೆಳಕು ಏರಿಸಿಕೊಳ್ಳುತ್ತದೆ. ಹುಡುಗನ ಮುಖ ಕಣ್ಣು ಮೂಗಿಲ್ಲದ ಬಿಳಿ ಕಲೆಯಾಗುತ್ತದೆ. ನಮ್ಮ ಮೂರು ಕ್ಯಾಮೆರಾಗಳಲ್ಲಿ ಬೆಳಕಿನ ಅಳತೆಯನ್ನು ಮುಖಕ್ಕೆ ಹೊಂದಿಸಿ ಲಾಕ್ ಮಾಡಿರುತ್ತೇವೆ. ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿಗೆ ಶಟರ್ ತೆರೆದಿರುವುದು ಸೆಕೆಂಡಿನ 1/50 ಭಾಗ: ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಈ ಲೆಕ್ಕ ತಪ್ಪಿದರೆ ಕೆಲವು ದೀಪಗಳಡಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಧ್ವನಿಗೆ ವೇದಿಕೆಯ ಅಂಚಿನಲ್ಲಿ ಎರಡು ಮೈಕ್, ಅವುಗಳಡಿ ಫೋಮ್ ತುಂಡು. ಅದಿಲ್ಲದಿದ್ದರೆ ಹಲಗೆಯ ಮೇಲಿನ ಹೆಜ್ಜೆ ಸದ್ದೇ ಮಾತನ್ನು ನುಂಗುತ್ತದೆ. ಹದಿನೈದನೇ ಸಾಲಿನ ಮೊಬೈಲಿಗೆ ಸಿಗುವುದು ಫ್ಯಾನ್ ಸದ್ದು, ಪಕ್ಕದವರ ಕೆಮ್ಮು.

‘ಶಾಲೆಯ ವಿಡಿಯೊದಲ್ಲಿ ಮುಖ್ಯ ಪಾತ್ರಗಳೇ ತುಂಬಿರುತ್ತವೆ, ಹಿಂದೆ ನಿಂತ ನಮ್ಮ ಮಗು ಕಾಣುವುದಿಲ್ಲ’ ಎಂಬ ಮಾತನ್ನೂ ಲಘುವಾಗಿ ತೆಗೆದುಕೊಂಡಿಲ್ಲ. ಹಿಂಬದಿಯ ಕ್ಯಾಮೆರಾ ಎತ್ತರದ ಕಟ್ಟೆಯ ಮೇಲಿದ್ದು, ಮೊದಲಿನಿಂದ ಕೊನೆಯವರೆಗೆ ಇಡೀ ವೇದಿಕೆಯನ್ನು ಹಿಡಿದಿರುತ್ತದೆ. ಅದನ್ನು ನಡುವೆ ತಿರುಗಿಸುವುದಿಲ್ಲ, ನಿಲ್ಲಿಸುವುದಿಲ್ಲ. ಅದರ ಮುಂದೆ ಯಾರಾದರೂ ಎದ್ದು ಮೊಬೈಲ್ ಎತ್ತಿದರೆ ಮರೆಯಾಗುವುದು ಇನ್ನೊಬ್ಬರ ಮಗು. ಶುಕ್ರವಾರದ ವೇಷಸಹಿತ ತಾಲೀಮಿನಲ್ಲಿ ಪ್ರೇಕ್ಷಕರಿಲ್ಲದ ಕಾರಣ ಕ್ಯಾಮೆರಾವನ್ನು ವೇದಿಕೆಯ ಹತ್ತಿರಕ್ಕೇ ತಂದು ಪ್ರತಿಯೊಂದು ಮಗುವನ್ನೂ ಹತ್ತಿರದಿಂದ ತೆಗೆಯುತ್ತೇವೆ. ಅದನ್ನೂ ನಿಮಗೆ ಕೊಡುತ್ತೇವೆ.

ಯೂಟ್ಯೂಬಿಗೆ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ಮಾತ್ರ ಖಂಡಿತ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಾಲೆಯಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರ ಮುಂದೆ ನಾಟಕವಾಡಲು ವಿನಾಯಿತಿ ಕೊಡುತ್ತದೆ, ಊರಿಗೆಲ್ಲ ಬಿತ್ತರಿಸುವುದಕ್ಕಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಕೃತಿಗಳ ಹಕ್ಕು ಅಲ್ಲಿಂದ 60 ವರ್ಷ, ಅಂದರೆ 2054ರ ಕೊನೆಯವರೆಗೆ ಇರುತ್ತದೆ. ತಮ್ಮ ಮಗುವಿನ ಮುಖ ಅಂತರ್ಜಾಲದಲ್ಲಿ ಬರುವುದು ಬೇಡವೆಂದು ಬರೆದುಕೊಟ್ಟಿರುವ ಪೋಷಕರೂ ಇದ್ದಾರೆ. ನಿಮ್ಮ ಮಗು ನಿಂತ ಚೌಕಟ್ಟಿನಲ್ಲಿ ಅವರ ಮಗುವೂ ಇರುತ್ತದೆ.

ಫೋಟೊ ಬೇಡವೆಂದು ನಾವೆಂದೂ ಹೇಳಿಲ್ಲ. ನಾಟಕ ಮುಗಿದ ಮೇಲೆ ಮಕ್ಕಳು ಬಣ್ಣ ತೊಳೆಯದೆ, ಬಿಲ್ಲು ಬಾಣ ಹಿಡಿದೇ ಇಪ್ಪತ್ತು ನಿಮಿಷ ವೇದಿಕೆಯಲ್ಲಿರುತ್ತಾರೆ, ದೀಪಗಳೆಲ್ಲ ಉರಿಯುತ್ತಿರುತ್ತವೆ. ಅಜ್ಜ ಅಜ್ಜಿಯರನ್ನೂ ಮೇಲೆ ಹತ್ತಿಸಿ, ಮನಸಾರೆ ತೆಗೆದುಕೊಳ್ಳಿ.

ದಯವಿಟ್ಟು ಎರಡನೇ ಗಂಟೆ ಬಾರಿಸಿದಾಗ ಮೊಬೈಲ್ ಆಫ್ ಮಾಡಿ ಚೀಲದಲ್ಲಿಡಿ.

ವಿಡಿಯೊಗಾಗಿ 16 ಜಿಬಿ ಪೆನ್‌ಡ್ರೈವ್‌ಗೆ ಮಗುವಿನ ಹೆಸರು, ವಿಭಾಗ ಬರೆದ ಚೀಟಿ ಅಂಟಿಸಿ ತರಗತಿ ಶಿಕ್ಷಕರಿಗೆ ಕೊಡಿ. ಕೆಲವು ಟಿವಿಗಳು 4 ಜಿಬಿ ಮೀರಿದ ಫೈಲ್ ಓದುವುದಿಲ್ಲವಾದ್ದರಿಂದ ನಾಟಕವನ್ನು ಎರಡು ಭಾಗ ಮಾಡಿ ಹಾಕಿಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ