ಆಟಿಕೆ ಕ್ಯಾಮೆರಾ ಬಂತು, ರೀಲು ತೊಳೆಯುವ ಲ್ಯಾಬೂ ಉಳಿಯಲಿ

ಮಾನ್ಯ ಸಂಪಾದಕರೇ,

ಮುಂಬೈಯ ಕಾಲೇಜು ಹುಡುಗ ಹುಡುಗಿಯರ ಕೈಯಲ್ಲಿ ಫಿಲ್ಮ್ ರೀಲು ಹಾಕುವ, ಪ್ಲಾಸ್ಟಿಕ್ ಲೆನ್ಸಿನ ಆಟಿಕೆ ಕ್ಯಾಮೆರಾಗಳು ಮತ್ತೆ ಕಾಣಿಸುತ್ತಿವೆ. ಇನ್ನು ಫಿಲ್ಮ್ ಉದ್ಯಮಕ್ಕೆ ಭಯವಿಲ್ಲ ಎಂದು ನಂಬಿದವರೂ ಇದ್ದಾರೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಕ್ಯಾಮೆರಾ ಒಮ್ಮೆ ಮಾರಾಟವಾಗುವ ಸಾಮಾನು. ಉದ್ಯಮದ ಹೊಟ್ಟೆ ತುಂಬುವುದು ಎರಡನೆಯ, ಮೂರನೆಯ, ಹತ್ತನೆಯ ರೀಲಿನಿಂದ.

ಬಣ್ಣದ ಫಿಲ್ಮ್ ತಯಾರಿಸಲು ಒಂದು ಮೀಟರಿಗೂ ಅಗಲವಾದ ಹಾಳೆಯ ಮೇಲೆ ಹತ್ತಕ್ಕೂ ಹೆಚ್ಚು ಪದರಗಳನ್ನು ಕಗ್ಗತ್ತಲಲ್ಲಿ ಬಳಿಯಬೇಕು. ಅಂಥ ಯಂತ್ರವನ್ನು ನಾಲ್ಕಾರು ನೂರು ರೀಲಿಗಾಗಿ ಓಡಿಸಿದರೆ ಗಿಟ್ಟುವುದಿಲ್ಲ. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಮುಂದೆ ಅಮೆರಿಕದ ರೋಚೆಸ್ಟರಿನಲ್ಲಿರುವ ಅದರ ಯಂತ್ರಗಳಿಗೆ ಆಸರೆಯಾದದ್ದು ಫಿಲ್ಮ್ ಕೊಳ್ಳುತ್ತೇವೆಂದು ಹಾಲಿವುಡ್ ಸ್ಟುಡಿಯೋಗಳು 2015ರಲ್ಲಿ ಮಾಡಿಕೊಂಡ ಒಪ್ಪಂದ. ನಮ್ಮ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ಗೆ ಅಂಥ ಆಸರೆ ಸಿಗಲಿಲ್ಲ, ಅದರ ‘ಇಂದು’ ಹೆಸರಿನ ರೀಲು ಮಾರುಕಟ್ಟೆಯಿಂದ ಮಾಯವಾಯಿತು. ಇತ್ತ ಹೊಸ ಆಟಿಕೆಗಳಲ್ಲಿ ಒಂದು ಚಿತ್ರದ ಜಾಗದಲ್ಲಿ ಎರಡು ತೆಗೆಯುವ ಹಾಫ್ ಫ್ರೇಮ್ ಮಾದರಿಗಳು ಜನಪ್ರಿಯ. ಕೊಡಕ್ ಎಕ್ಟಾರ್ ಎಚ್35ರಲ್ಲಿ 36ರ ರೀಲಿಗೆ 72 ಚಿತ್ರ ಬರುತ್ತದೆ. ಕಿಸೆಗೆ ಹಿತ, ಆದರೆ ಅಷ್ಟೇ ಚಿತ್ರಕ್ಕೆ ಅರ್ಧ ರೀಲು ಸಾಕು.

ಎರಡನೆಯ ರೀಲು ಕೊಳ್ಳದಂತೆ ಮಾಡುವ ಮುಖ್ಯ ಕಾರಣ ಮೊದಲ ರೀಲು ಖಾಲಿ ಬರುವುದು. ಫಿಲ್ಮಿನ ತುದಿ ಅದನ್ನು ಸುತ್ತಿಕೊಳ್ಳುವ ಸ್ಪೂಲಿಗೆ ಸರಿಯಾಗಿ ಸಿಕ್ಕಿರುವುದಿಲ್ಲ, ಲೆಕ್ಕದ ಅಂಕಿ ಮಾತ್ರ ಮುಂದೆ ಹೋಗುತ್ತಿರುತ್ತದೆ. ರೀಲು ಹಾಕಿ ಮುಚ್ಚಳ ಮುಚ್ಚಿದ ಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತುವ ರಿವೈಂಡ್ ಹಿಡಿಯನ್ನು ಹಗುರವಾಗಿ ತಿರುಗಿಸಿ ಸಡಿಲ ತೆಗೆಯಬೇಕು. ಮುಂದೆ ವೈಂಡ್ ಮಾಡುವಾಗ ಆ ಹಿಡಿ ತಾನಾಗಿ ತಿರುಗಿದರೆ ಫಿಲ್ಮ್ ನಡೆಯುತ್ತಿದೆ ಎಂದು ಅರ್ಥ. ರೀಲು ಮುಗಿದು ಚಕ್ರ ಬಿಗಿಯಾದಾಗ ಬಲ ಹಾಕಬಾರದು, ಅಂಚಿನ ತೂತುಗಳು ಹರಿಯುತ್ತವೆ. ತಳದ ಗುಂಡಿ ಒತ್ತಿ ಹಿಂದಕ್ಕೆ ಸುತ್ತಿ, ಹಿಡಿ ಪೂರ್ತಿ ಹಗುರವಾದ ಮೇಲಷ್ಟೇ ಮುಚ್ಚಳ ತೆಗೆಯಬೇಕು.

ಎರಡನೆಯ ಕಾರಣ ಬೆಳಕು. ಇಂಥ ಬಹುತೇಕ ಕ್ಯಾಮೆರಾಗಳ ಅಪರ್ಚರ್ (ಲೆನ್ಸಿನ ಕಂಡಿ) ಎಫ್/10ರ ಆಸುಪಾಸು, ಶಟರ್ ತೆರೆದಿರುವುದು ಸೆಕೆಂಡಿನ ನೂರನೇ ಒಂದು ಭಾಗ. ಎರಡನ್ನೂ ಬದಲಿಸಲು ಬರುವುದಿಲ್ಲ. ಮೇ ತಿಂಗಳ ಮರೀನ್ ಡ್ರೈವಿಗೆ 200ರ ವೇಗದ ಫಿಲ್ಮ್ (ಅಂಕಿ ದೊಡ್ಡದಾದಷ್ಟು ಕಡಿಮೆ ಬೆಳಕು ಸಾಕು) ಧಾರಾಳವಾಯಿತು. ಜುಲೈಯ ಕಪ್ಪು ಮೋಡದಡಿ ಅದೇ ಫಿಲ್ಮಿಗೆ ಸುಮಾರು ಎರಡು ಸ್ಟಾಪ್ ಬೆಳಕು ಕಡಿಮೆ ಬಿದ್ದು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ), ನೆರಳೆಲ್ಲ ಕೆಸರಾಗುತ್ತದೆ. ಬಣ್ಣದ ನೆಗೆಟಿವ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ, ಕೊರತೆ ಒಂದು ಸ್ಟಾಪನ್ನು ಮೀರಿದರೆ ತಾಳುವುದಿಲ್ಲ. ಮಳೆಗಾಲಕ್ಕೆ 400, ಲೋಕಲ್ ರೈಲಿನ ಒಳಗೆ ಫ್ಲ್ಯಾಶ್. ಆ ಫ್ಲ್ಯಾಶ್ ಎರಡು ಮೂರು ಮೀಟರಿಗಿಂತ ಆಚೆ ತಲುಪುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ರೀಲನ್ನು ಡಬ್ಬಿ ಬಿಚ್ಚದೆ ಎರಡು ಗಂಟೆ ಹೊರಗಿಡಬೇಕು. ಇಲ್ಲವಾದರೆ ನಮ್ಮ ಕಡಲ ಹವೆಯ ತೇವ ಫಿಲ್ಮಿನ ಮೇಲೆ ಹನಿಗಟ್ಟುತ್ತದೆ. ಹೋಲ್ಗಾ ಎಂಬ ಆಟಿಕೆ ಕ್ಯಾಮೆರಾ ಬಳಸುವವರು ಬೆಳಕು ಸೋರದಂತೆ ಹಿಂಬದಿಯ ಅಂಚಿಗೂ ಕ್ಲಿಪ್ಪುಗಳಿಗೂ ಕಪ್ಪು ಟೇಪ್ ಸುತ್ತಲಿ, 120 ಎಂಬ ಅಗಲದ ರೀಲು ಸಡಿಲವಾಗಿ ಉಬ್ಬದಂತೆ ಸ್ಪೂಲಿನ ಅಡಿ ಮಡಚಿದ ರಟ್ಟಿನ ಚೂರು ಇಡಲಿ.

ಇಷ್ಟಾದರೂ ರೀಲು ತೊಳೆಯುವವರು ಬೇಕಲ್ಲ. ಹಳೆಯ ಮಿನಿಲ್ಯಾಬ್ ಯಂತ್ರದ ದೊಡ್ಡ ತೊಟ್ಟಿಯ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ಫಿಲ್ಮ್ ಬಾರದಿದ್ದರೂ ಗಾಳಿಗೆ ಕೆಡುತ್ತದೆ. ದಿನಕ್ಕೆ ಎರಡು ಮೂರು ರೀಲು ಬಂದರೆ ಹೊಸ ದ್ರಾವಣ ಸೇರುವುದು ಸಾಲದೆ ನೆಗೆಟಿವ್ ತೆಳ್ಳಗಾಗುತ್ತದೆ, ಬಣ್ಣ ಒಂದು ಕಡೆ ವಾಲುತ್ತದೆ. ಇದಕ್ಕೆ ದಾರಿ ಸಣ್ಣ ಟ್ಯಾಂಕು. ಲ್ಯಾಬಿನವರು ರೀಲುಗಳನ್ನು ಕೂಡಿಸಿಟ್ಟುಕೊಂಡು ವಾರಕ್ಕೆರಡು ದಿನ ತೊಳೆಯಬಹುದು. ಒಂದು ಲೀಟರಿನ ಸಿ-41 (ಬಣ್ಣದ ನೆಗೆಟಿವ್ ತೊಳೆಯುವ ವಿಧಾನ) ಕಿಟ್ಟಿನಲ್ಲಿ ಎಂಟು ರೀಲು ನಿಶ್ಚಿಂತೆಯಿಂದ ಆಗುತ್ತವೆ. ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡು, ಅರ್ಧ ಡಿಗ್ರಿಯ ಹೆಚ್ಚುಕಡಿಮೆಯೂ ಬಣ್ಣದಲ್ಲಿ ಕಂಡೀತು. ಆಮೇಲಿನ ಹಂತದ ಬ್ಲೀಚ್ ದ್ರಾವಣದ ಹನಿ ಡೆವಲಪರಿಗೆ ಬಿದ್ದರೆ ಆ ಬಾಟಲಿ ಕೆಟ್ಟಿತೆಂದೇ ಲೆಕ್ಕ. ಉಳಿದ ದ್ರಾವಣವನ್ನು ಗಾಳಿಗೆ ಜಾಗವಿಲ್ಲದಂತೆ ಕಂಠಮಟ್ಟ ತುಂಬಿಡಬೇಕು.

ಖಾಲಿ ರೀಲು ಬಂದಾಗ ಲ್ಯಾಬನ್ನು ಬಯ್ಯುವ ಮೊದಲು ನೆಗೆಟಿವಿನ ಅಂಚು ನೋಡಿ. ಫಿಲ್ಮಿನ ಹೆಸರು, ಅಂಕಿಗಳು ಸ್ಪಷ್ಟವಾಗಿದ್ದರೆ ತೊಳೆದದ್ದು ಸರಿ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಅವೂ ಇಲ್ಲವೆಂದರೆ ತಪ್ಪು ತೊಳೆದವರದು. ಇದನ್ನು ನೋಡಬೇಕಾದರೆ ನೆಗೆಟಿವ್ ಕೈಗೆ ಬರಬೇಕು. ಈಗ ಅನೇಕರು ಮೊಬೈಲಿಗೆ ಸ್ಕ್ಯಾನ್ ತರಿಸಿಕೊಂಡು ನೆಗೆಟಿವನ್ನು ಲ್ಯಾಬಿನಲ್ಲೇ ಬಿಟ್ಟುಬಿಡುತ್ತಾರೆ. ಇದು ನಮಗೆ ತುಂಬ ನೋವಿನ ವಿಷಯ.

ಫೋರ್ಟಿನ ಬೋರಾ ಬಜಾರಿನ ಅಂಗಡಿಯವರಲ್ಲಿ ಒಂದು ವಿನಂತಿ. ಆಟಿಕೆ ಕ್ಯಾಮೆರಾ ಮಾರುವಾಗ 400ರ ಒಂದು ರೀಲನ್ನು ಗಿರಾಕಿಯ ಕಣ್ಣೆದುರೇ ಹಾಕಿ ತೋರಿಸಿ, ಹಿಡಿ ತಿರುಗುವುದನ್ನು ಅವರಿಂದಲೇ ನೋಡಿಸಿ. ಐದು ನಿಮಿಷದ ಕೆಲಸ. ಲ್ಯಾಬಿನವರು ನೆಗೆಟಿವನ್ನು ಆರು ಆರು ಚಿತ್ರಗಳ ಪಟ್ಟಿಯಾಗಿ ಕತ್ತರಿಸಿ, ಕವರಿಗೆ ಹಾಕಿ, ಕೇಳದಿದ್ದರೂ ಮರಳಿ ಕೊಡಿ.

— ಫಿಲ್ಮ್ ಛಾಯಾಗ್ರಹಣದ ಆಸಕ್ತರು, ಮಾಟುಂಗಾ, ಮುಂಬೈ