ನೆಂಟ ಪರಮಾಣುವಿನ ಲೆಕ್ಕ

ತೀರ್ಥಹಳ್ಳಿ

ಪ್ರೀತಿಯ ಪುಟ್ಟೀ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನೀನು ಫೋನ್ ಮಾಡಿದಾಗ ಜಗಲಿ ತುಂಬ ಅಡಿಕೆ ಸುಲಿಯುವವರು ಕೂತಿದ್ದರು, ನೆಟ್ಟಗೆ ಮಾತಾಡಲಾಗಲಿಲ್ಲ. ನಿನ್ನ ದನಿ ಸಪ್ಪಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಸಂಶೋಧನೆಗೆ ಜೊತೆಯವರಿಗೆಲ್ಲ ಲಕ್ಷಗಟ್ಟಲೆ ಪರಮಾಣುಗಳ ಕೆಲಸ, ನನಗೆ ಮಾತ್ರ ಮೂರು ನಾಲ್ಕರ ಲೆಕ್ಕ, ಗೈಡ್ ಹತ್ತಿರ ಹೇಳಿ ವಿಷಯ ಬದಲಾಯಿಸಿಕೊಳ್ಳಲಾ ಎಂದು ಕೇಳಿದೆ. ಬೇಡ ಮಗಳೇ, ಬದಲಾಯಿಸಬೇಡ.

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು ನಾನು. ಎರಡು ಕಣಗಳ ಲೆಕ್ಕವನ್ನು ಬೋರ್ಡಿನ ಮೇಲೆ ಪೂರ್ತಿ ಬಿಡಿಸುತ್ತಿದ್ದೆ, ಅಲ್ಲಿಂದ ಒಂದೇ ನೆಗೆತಕ್ಕೆ ಕೋಟ್ಯಂತರ ಕಣಗಳಿಗೆ ಹೋಗಿ ಸರಾಸರಿಯ ಮಾತಾಡುತ್ತಿದ್ದೆ. ನಡುವೆ ಏನಾಗುತ್ತದೆ ಸಾರ್ ಎಂದು ಒಬ್ಬ ಹುಡುಗ ಎದ್ದು ಕೇಳಿದ. ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ ಅಂದೆ. ಅವನ ಮುಖ ಇವತ್ತಿಗೂ ಕಣ್ಣಮುಂದೆ ಬರುತ್ತದೆ. ಅವನು ಕೇಳಿದ್ದೇ ಈಗ ನಿನ್ನ ಕೈಗೆ ಬಂದಿದೆ.

ತಣ್ಣನೆಯ ಅನಿಲದೊಳಗೆ ಬಿಟ್ಟ ಹೊರಗಿನ ಪರಮಾಣುವನ್ನು ನೀವು ಇಂಪ್ಯೂರಿಟಿ ಅನ್ನುತ್ತೀರಿ. ಕನ್ನಡದಲ್ಲಿ ಅದನ್ನು ಕಲ್ಮಶ ಅನ್ನಲು ನನಗೆ ಮನಸ್ಸಾಗುವುದಿಲ್ಲ. ನೆಂಟ ಅನ್ನೋಣ. ನಾಟಿ ಗದ್ದೆಯಲ್ಲಿ ನಡೆದವಳು ನೀನು. ಕೆಸರು ಪಾದಕ್ಕೆ ಮೆತ್ತಿಕೊಂಡು, ಎತ್ತಿಟ್ಟ ಹೆಜ್ಜೆಯೆಲ್ಲ ಭಾರವಾಗುತ್ತದಲ್ಲ, ಹಾಗೆಯೇ ನೆಂಟನೂ ಸುತ್ತಲಿನವರನ್ನು ಮೈಗೆ ಹಚ್ಚಿಕೊಂಡೇ ಸಾಗುತ್ತಾನೆ. ಸ್ಫಟಿಕದೊಳಗಿನ ಎಲೆಕ್ಟ್ರಾನಿಗೆ ಹೀಗಾಗಬಹುದೆಂದು ಸೋವಿಯತ್ ಭೌತವಿಜ್ಞಾನಿ ಲಾಂಡೌ 1933ರಲ್ಲೇ ಸೂಚಿಸಿದ್ದರು. ಪೋಲರಾನ್ ಅನ್ನುವುದು ಇದಕ್ಕೇ. ಆದರೆ ಎಷ್ಟು ಜನ ಸೇರಿದರೆ ಅದು ಕೆಸರಾಗುತ್ತದೆ?

ನಿನ್ನೆ ಸಂಜೆ ಇದೇ ಯೋಚನೆಯಲ್ಲಿ ಜಗಲಿಯ ಮೂಲೆಯಲ್ಲಿ ಕೂತಿದ್ದೆ. ಮೊದಲು ಬಂದವರು ಒಬ್ಬರೇ ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತರು. ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಸೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ಎರಡನೆಯವರು ಬಂದಾಗ ಒಂದೆರಡು ಮಾತು. ಐದನೆಯವರು ಕೂರುವ ಹೊತ್ತಿಗೆ ಎಲ್ಲರ ಕೈಗೂ ಒಂದು ಲಯ ಬಂದಿತ್ತು. ಆಮೇಲೆ ಹತ್ತು ಜನ ಬಂದರೂ ಆ ಲಯ ಹೆಚ್ಚೇನೂ ಬದಲಾಗಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗಿನ ಭೌತವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಾಯಿತು. ಲೇಸರ್ ಬೆಳಕಿನಿಂದ ಮಾಡಿದ ಉದ್ದನೆಯ ಕಿರಿದಾದ ಬಲೆಯಲ್ಲಿ ಲೀಥಿಯಂ-6ರ ಒಬ್ಬ ನೆಂಟನನ್ನಿಟ್ಟು, ಬೇರೆ ಸ್ಥಿತಿಯ ಲೀಥಿಯಂ ಪರಮಾಣುಗಳನ್ನು ಒಂದೊಂದಾಗಿ ಸೇರಿಸುತ್ತ ಪ್ರತಿ ಸಲವೂ ಶಕ್ತಿ ಅಳೆದರು. ನಾಲ್ಕೈದಾಗುವಷ್ಟರಲ್ಲೇ ಉತ್ತರ ದೊಡ್ಡ ಗುಂಪಿನ ಲೆಕ್ಕಕ್ಕೆ ಹತ್ತಿರ ಬಂದಿತ್ತು. ಈ ವಿಷಯದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಪ್ರಯೋಗವಿಲ್ಲ.

ಇನ್ನೊಂದು ನೋಡು. ಕಣಗಳಲ್ಲಿ ಎರಡು ಜಾತಿ, ಫರ್ಮಿಯಾನು ಮತ್ತು ಬೋಸಾನು. ಫರ್ಮಿಯಾನುಗಳ ನಡುವಿನ ನೆಂಟನಿಗೆ ಫ್ರೆಂಚ್ ಭೌತವಿಜ್ಞಾನಿ ಶೆವಿ 2006ರಲ್ಲಿ ಒಂದು ಸರಳ ಊಹೆ ಮಾಡಿದರು: ನೆಂಟ ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಅವನ ಜಾಗದಿಂದ ಎಬ್ಬಿಸುತ್ತಾನೆ. ಸೆಳೆತ ಅತಿ ಹೆಚ್ಚಿರುವಲ್ಲಿ ಇದರಿಂದ ಬಂದ ಶಕ್ತಿ ಫರ್ಮಿ ಶಕ್ತಿಯ, ಅಂದರೆ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲೆ ಕೂತ ಕಣದ ಶಕ್ತಿಯ, ಮೈನಸ್ 0.607 ಪಟ್ಟು. ಕಂಪ್ಯೂಟರಿನ ದೊಡ್ಡ ಲೆಕ್ಕ ಕೊಟ್ಟಿದ್ದು ಸುಮಾರು ಮೈನಸ್ 0.615. ಒಂದೇ ಬಗೆಯ ಫರ್ಮಿಯಾನುಗಳು ಒಂದೇ ಜಾಗಕ್ಕೆ ಬರುವುದಿಲ್ಲ, ಹಾಗಾಗಿ ನೆಂಟನ ಹತ್ತಿರ ನೂಕುನುಗ್ಗಲು ಇಲ್ಲ, ಸರಳ ಊಹೆಯೇ ಸಾಕಾಯಿತು.

ಬೋಸಾನುಗಳಿಗೆ ಆ ಸಂಕೋಚವಿಲ್ಲ. ಇಬ್ಬರು ಒಟ್ಟಿಗೇ ನೆಂಟನ ಪಕ್ಕಕ್ಕೆ ಬಂದು ಕೂರುತ್ತಾರೆ, ಮೂವರ ಕಥೆ ಶುರುವಾಗುವುದು ಅಲ್ಲಿ. ಎರಡು ಗಳ ಒಂದಕ್ಕೊಂದು ಒರಗಿಸಿದರೆ ಬೀಳುತ್ತವೆ. ಮೂರು ಒರಗಿಸಿದರೆ ನಿಲ್ಲುತ್ತವೆ, ಒಂದನ್ನು ಎಳೆದರೆ ಉಳಿದೆರಡೂ ನೆಲಕ್ಕೆ. ಇಬ್ಬರು ಅಂಟಿಕೊಳ್ಳಲಾಗದ ಕಡೆಯಲ್ಲೂ ಮೂವರು ಕೂಡಿ ನಿಲ್ಲಬಹುದೆಂದು ಭೌತವಿಜ್ಞಾನಿ ವಿಟಾಲಿ ಎಫಿಮೊವ್ 1970ರಲ್ಲಿ ತೋರಿಸಿದರು. ಗಳದ ಹೋಲಿಕೆ ಇಲ್ಲಿಗೇ ಸಾಕು. ಯಾಕೆಂದರೆ ಈ ಮೂವರ ಕೂಟಗಳು, ಎಫಿಮೊವ್ ಕೂಟಗಳು, ಒಂದರ ಮೇಲೊಂದು ಮೆಟ್ಟಿಲಾಗಿ ಹೋಗುತ್ತವೆ. ಮೂರೂ ಒಂದೇ ಬಗೆಯ ಬೋಸಾನುಗಳಾದರೆ ಮುಂದಿನದು ಹಿಂದಿನದಕ್ಕಿಂತ 22.7 ಪಟ್ಟು ದೊಡ್ಡದು. ಎರಡು ಭಾರದ ಸೀಸಿಯಂ, ಒಂದು ಹಗುರ ಲೀಥಿಯಂ ಆದರೆ ಸುಮಾರು 4.9 ಪಟ್ಟು. ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಸೀಸಿಯಂ ಅನಿಲವನ್ನು ಸುಮಾರು 10 ನ್ಯಾನೋಕೆಲ್ವಿನ್‌ವರೆಗೆ, ಅಂದರೆ ಒಂದು ಕೆಲ್ವಿನ್ನಿನ ಹತ್ತು ಕೋಟಿಯಲ್ಲೊಂದು ಪಾಲಿನವರೆಗೆ ತಣಿಸಿ ಇದರ ಗುರುತು ಹಿಡಿದದ್ದು 2006ರಲ್ಲಿ. ಆ ಮೂವತ್ತಾರು ವರ್ಷ ಎಷ್ಟೋ ಜನ ಇದನ್ನು ಬರೀ ಕಾಗದದ ಲೆಕ್ಕ ಅಂದುಕೊಂಡಿದ್ದರು. ಬೋಸಾನುಗಳ ನಡುವಿನ ನೆಂಟನನ್ನು ಬಲವಾದ ಸೆಳೆತದಲ್ಲಿ ಪ್ರಯೋಗದಲ್ಲಿ ಕಂಡದ್ದು ಇನ್ನೂ ಈಚೆಗೆ, 2016ರಲ್ಲಿ. ಅಂದಮೇಲೆ ನಿನಗೆ ಸಿಕ್ಕಿರುವುದು ಹಳಸಿದ ವಿಷಯವಲ್ಲ.

ಈಗ ಕೆಲಸದ ಮಾತು. ಬಲೆಯೊಳಗಿನ ಎರಡು ಪರಮಾಣುಗಳ ಲೆಕ್ಕಕ್ಕೆ ಬುಶ್ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟ ನಿಖರ ಉತ್ತರವಿದೆ. ಅದನ್ನು ಕಂಪ್ಯೂಟರ್ ಮುಟ್ಟದೆ ಪೆನ್ನು ಕಾಗದದಲ್ಲಿ ನೀನೇ ಬಿಡಿಸು. ಆಮೇಲೆ ಒಂದು ಆಯಾಮದಲ್ಲಿ ವಿಕರ್ಷಣೆಯನ್ನು ಅನಂತಕ್ಕೆ ಒಯ್ದು ನೋಡು: ಶಕ್ತಿ ಒಂದೇ ಬಗೆಯ ಎರಡು ಫರ್ಮಿಯಾನುಗಳ ಶಕ್ತಿಗೆ ಬಂದು ನಿಲ್ಲಬೇಕು. ನಿನ್ನ ಪ್ರೋಗ್ರಾಮ್ ಅದನ್ನು ಕೊಡದಿದ್ದರೆ ಅದರ ಮುಂದಿನ ಒಂದು ಅಂಕಿಯನ್ನೂ ನಂಬಬೇಡ.

ಲ್ಯಾಬಿನಲ್ಲಿ ಲೇಸರ್ ಹಿಡಿದು ಕೆಲಸ ಮಾಡುವವರ ಜೊತೆ ಕೂತು ಮಾತಾಡು, ಸಂಕೋಚ ಬೇಡ. ಮೂರು ಪರಮಾಣು ಸಂಧಿಸಿದಾಗ ಎರಡು ಅಂಟಿ ಅಣುವಾಗಿ, ಬಿಡುಗಡೆಯಾದ ಶಕ್ತಿಗೆ ಮೂರೂ ಬಲೆಯಿಂದ ಹಾರಿಹೋಗುತ್ತವೆ. ಅವರಿಗೆ ಅದು ನಷ್ಟ. ಆದರೆ ಇನ್ಸ್‌ಬ್ರುಕ್‌ನವರು ಎಫಿಮೊವ್ ಕೂಟವನ್ನು ಗುರುತಿಸಿದ್ದು ಆ ನಷ್ಟ ಎಲ್ಲಿ ಏಕಾಏಕಿ ಏರಿತು ಎಂದು ನೋಡಿಯೇ. ನಿನ್ನ ಮೂರನೇ ಪರಮಾಣು ಅವರ ಗ್ರಾಫಿನಲ್ಲಿ ಎಲ್ಲಿ ಕಾಣುತ್ತದೆ ಎಂದು ಕೇಳು.

ದೊಡ್ಡಮ್ಮ ಅಪ್ಪೆಮಿಡಿ ಕಟ್ಟಿಟ್ಟಿದ್ದಾಳೆ, ಊರಿಗೆ ಬಂದವರ ಕೈಯಲ್ಲಿ ಕಳಿಸುತ್ತೇನೆ. ಸಂಕ್ರಾಂತಿಗೆ ಬರುವಾಗ ನೋಟ್‌ಬುಕ್ ತಾ. ಎರಡರ ಲೆಕ್ಕ ಅಷ್ಟರಲ್ಲಿ ಮುಗಿದಿರಲಿ, ಮೂರನೆಯದನ್ನು ಜಗಲಿಯಲ್ಲಿ ಇಬ್ಬರೂ ಕೂತು ಶುರುಮಾಡೋಣ.

ಇಂತಿ ನಿನ್ನ
ದೊಡ್ಡಪ್ಪ